ವಿನ್ಯಾಸ ಸೇವೆ: ಖರ್ಚೋ, ಬಂಡವಾಳವೋ?

ಯಂತ್ರವೊಂದನ್ನು ಕೊಳ್ಳುವಾಗ ಉದ್ಯಮಿಯು ಅದರ ಸಾಮರ್ಥ್ಯ, ಬಾಳಿಕೆ ಹಾಗೂ ನಿರ್ವಹಣಾ ವೆಚ್ಚವನ್ನು ಕೂಲಂಕಷವಾಗಿ ಪರಿಶೀಲಿಸುತ್ತಾನೆ. ಕಚ್ಚಾವಸ್ತುವಿಗೆ ಮಾರುಕಟ್ಟೆ ದರವಿದೆ. ಸಾಗಣೆಗೆ ಕಿಲೋಮೀಟರಿನ ಲೆಕ್ಕವಿದೆ. ಆದರೆ ಸಂಸ್ಥೆಯ ಲಾಂಛನ, ಉತ್ಪನ್ನದ ಹೊದಿಕೆ ಅಥವಾ ಪರಿಚಯ ಪುಸ್ತಿಕೆಯ ವಿನ್ಯಾಸದ ಪ್ರಶ್ನೆ ಬಂದಾಗ ಮಾತ್ರ, ಅದು ಕಂಪ್ಯೂಟರಿನ ಮುಂದೆ ಕುಳಿತು ಒಂದು ಗಂಟೆಯಲ್ಲಿ ಮುಗಿಸಬಹುದಾದ ಕೆಲಸವೆಂಬ ಭಾವನೆ ನಮ್ಮ ಸಣ್ಣ ಮತ್ತು ಮಧ್ಯಮ ಉದ್ಯಮ ವಲಯದಲ್ಲಿ ಇನ್ನೂ ಬೇರೂರಿದೆ. ಈ ಭಾವನೆಯಿಂದ ವಿನ್ಯಾಸಕಾರರಿಗೆ ಆಗುವ ನಷ್ಟ ಎದ್ದು ಕಾಣುತ್ತದೆ. ಉದ್ಯಮಿಗೆ ಆಗುವ ನಷ್ಟವೂ ಅದಕ್ಕಿಂತ ಕಡಿಮೆಯದಲ್ಲ.

ಕಡೆಗಣನೆಗೆ ಕಾರಣಗಳು

ವಿನ್ಯಾಸ ಸೇವೆಯಲ್ಲಿ ಗ್ರಾಹಕನ ಕೈಸೇರುವುದು ಕೊನೆಯ ಚಿತ್ರ ಮಾತ್ರ. ಅದರ ಹಿಂದಿನ ಮಾರುಕಟ್ಟೆ ಅಧ್ಯಯನ, ಪ್ರತಿಸ್ಪರ್ಧಿಗಳ ಉತ್ಪನ್ನಗಳ ಪರಿಶೀಲನೆ, ಕೈಬಿಟ್ಟ ಹತ್ತಾರು ಕರಡುಗಳು ಹಾಗೂ ಮುದ್ರಣಪೂರ್ವ ತಾಂತ್ರಿಕ ಸಿದ್ಧತೆ ಅವನ ಕಣ್ಣಿಗೆ ಬೀಳುವುದಿಲ್ಲ. ಪರಿಹಾರವು ಸರಳವಾಗಿದ್ದಷ್ಟೂ ಅದು ಸುಲಭವಾಗಿ ದೊರೆತಂತೆ ತೋರುತ್ತದೆ.

ಎರಡನೆಯದಾಗಿ, ಈ ವೃತ್ತಿಗೆ ಶಾಸನಬದ್ಧ ಚೌಕಟ್ಟಿಲ್ಲ. ವಾಸ್ತುಶಿಲ್ಪಿಗಳಿಗೆ 1972ರ ವಾಸ್ತುಶಿಲ್ಪಿಗಳ ಕಾಯ್ದೆಯನ್ವಯ ನೋಂದಣಿ ಹಾಗೂ ವೃತ್ತಿ ಪರಿಷತ್ತು ಇವೆ. ಗ್ರಾಫಿಕ್ ವಿನ್ಯಾಸಕಾರರಿಗೆ ಅಂತಹ ವ್ಯವಸ್ಥೆ ಇಲ್ಲದಿರುವುದರಿಂದ ಸಂಭಾವನೆಯು ಚೌಕಾಸಿಯ ಬಲದ ಮೇಲೆಯೇ ನಿರ್ಧಾರವಾಗುತ್ತದೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಕ್ಷಣಮಾತ್ರದಲ್ಲಿ ಚಿತ್ರ ರಚಿಸುವ ಈ ದಿನಗಳಲ್ಲಿ ಚೌಕಾಸಿ ಇನ್ನಷ್ಟು ಬಿಗಿಯಾಗಿದೆ. ಕರಡು ರಚನೆಯ ವೇಳೆ ಇವುಗಳಿಂದ ಉಳಿಯಬಹುದಾದರೂ, ಯಾವ ಕರಡು ಈ ಉತ್ಪನ್ನಕ್ಕೆ ತಕ್ಕುದು, ಅದು ಬೇರೊಬ್ಬರ ಗುರುತಿಗೆ ಹೋಲುತ್ತದೆಯೇ ಎಂಬ ವಿವೇಚನೆಯ ಹೊಣೆ ಮನುಷ್ಯನದೇ.

ಸಂಭಾವನೆಯ ಲೆಕ್ಕ

ಉದಾಹರಣೆಗೆ, ಸ್ವತಂತ್ರ ವಿನ್ಯಾಸಕಾರರೊಬ್ಬರ ಜೀವನಾಧಾರ, ಕಚೇರಿ ಬಾಡಿಗೆ, ತಂತ್ರಾಂಶ ಹಾಗೂ ಅಕ್ಷರಶೈಲಿಗಳ ಪರವಾನಗಿ ಎಲ್ಲವೂ ಸೇರಿ ತಿಂಗಳಿಗೆ 90,000 ರೂಪಾಯಿ ವೆಚ್ಚವೆಂದು ಭಾವಿಸೋಣ. ಗ್ರಾಹಕರ ಭೇಟಿ, ಲೆಕ್ಕಪತ್ರ, ಬಾಕಿ ವಸೂಲಿ ಮುಂತಾದವುಗಳನ್ನು ಕಳೆದರೆ ಶುಲ್ಕ ವಿಧಿಸಬಹುದಾದ ವೇಳೆ ಸುಮಾರು 100 ಗಂಟೆ ಉಳಿದೀತು. ಅಂದರೆ ಲಾಭವಿಲ್ಲದೆಯೂ ಗಂಟೆಗೆ 900 ರೂಪಾಯಿ. ಹೊದಿಕೆಯೊಂದರ ವಿನ್ಯಾಸಕ್ಕೆ 40 ಗಂಟೆ ಬೇಕಾದರೆ ವೆಚ್ಚವೇ 36,000 ರೂಪಾಯಿ. ಇದೇ ಕೆಲಸವನ್ನು 5,000 ರೂಪಾಯಿಗೆ ಒಪ್ಪಿಸಿದಲ್ಲಿ ಗಂಟೆಗೆ ದೊರೆಯುವುದು 125 ರೂಪಾಯಿ. ಆಗ ಅಧ್ಯಯನ ಹಾಗೂ ಪರಿಶೀಲನೆಯ ಹಂತಗಳು ಕೈಬಿಟ್ಟುಹೋಗುವುದು ಸಹಜ.

ಇದನ್ನೇ ಉದ್ಯಮಿಯ ಕಡೆಯಿಂದ ನೋಡೋಣ. ತಲಾ 8 ರೂಪಾಯಿಯಂತೆ ಒಂದು ಲಕ್ಷ ರಟ್ಟಿನ ಪೆಟ್ಟಿಗೆಗಳನ್ನು ಮುದ್ರಿಸಲು 8 ಲಕ್ಷ ರೂಪಾಯಿ ಬೇಕು. ವಿನ್ಯಾಸದ 36,000 ರೂಪಾಯಿಯನ್ನು ಹಂಚಿದರೆ ಪೆಟ್ಟಿಗೆಯೊಂದಕ್ಕೆ ಬೀಳುವುದು 36 ಪೈಸೆ. ಪೊಟ್ಟಣದ ವಸ್ತುಗಳ ಮೇಲೆ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಮೊದಲಾದ ವಿವರಗಳನ್ನು 2011ರ ಕಾನೂನು ಮಾಪನ ನಿಯಮಗಳು ಕಡ್ಡಾಯಗೊಳಿಸಿವೆ. ಆಹಾರ ಪದಾರ್ಥಗಳಿಗೆ 2020ರ ಲೇಬಲ್ ನಿಬಂಧನೆಗಳೂ ಅನ್ವಯಿಸುತ್ತವೆ. ಅನನುಭವಿಯ ಕೈಯಲ್ಲಿ ಇವುಗಳಲ್ಲೊಂದು ತಪ್ಪಿದರೆ ಪೂರ್ತಿ ಮುದ್ರಣವೇ ವ್ಯರ್ಥವಾದೀತು.

ಇತಿಹಾಸದ ಸಾಕ್ಷ್ಯ

1971ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್ಸನ್ ನೈಕಿ ಸಂಸ್ಥೆಯ ಲಾಂಛನಕ್ಕೆ ಪಡೆದದ್ದು 35 ಡಾಲರ್. 1983ರಲ್ಲಿ ಸಂಸ್ಥೆಯು ತಾನಾಗಿಯೇ ಆಕೆಗೆ ತನ್ನ ಷೇರುಗಳನ್ನು ನೀಡಿ ಆ ಋಣವನ್ನು ಮನ್ನಿಸಿತು. ಇದಕ್ಕೆ ವ್ಯತಿರಿಕ್ತವಾಗಿ, 1986ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ನೆಕ್ಸ್ಟ್ ಸಂಸ್ಥೆಯ ಲಾಂಛನಕ್ಕಾಗಿ ಪಾಲ್ ರ‍್ಯಾಂಡ್ ಅವರಿಗೆ ಒಂದು ಲಕ್ಷ ಡಾಲರ್ ತೆತ್ತರು. ರ‍್ಯಾಂಡ್ ಒದಗಿಸಿದ್ದು ಹಲವು ಮಾದರಿಗಳನ್ನಲ್ಲ. ವಿವರಣೆ ಸಹಿತವಾದ ಒಂದೇ ಪರಿಹಾರವನ್ನು.

ನಮ್ಮ ನಾಡಿನಲ್ಲೂ ಈ ಅರಿವು ಹೊಸತಲ್ಲ. ಮೈಸೂರು ಸಂಸ್ಥಾನದ ಸಾಬೂನು ಕಾರ್ಖಾನೆಯು ಶ್ರೀಗಂಧದ ಸಾಬೂನಿಗೆ ಅಂಡಾಕಾರ, ಆಭರಣದ ಪೆಟ್ಟಿಗೆಯನ್ನು ನೆನಪಿಸುವ ಹೊದಿಕೆ ಹಾಗೂ ಶರಭದ ಲಾಂಛನವನ್ನು ಆರಿಸಿಕೊಂಡಿತು. ಶತಮಾನ ಕಳೆದರೂ ಆ ಗುರುತು ಮಾರುಕಟ್ಟೆಯಲ್ಲಿ ಉಳಿದಿದೆ.

ಕಾನೂನಿನ ನೆಲೆ

ವಿನ್ಯಾಸಕ್ಕೆ ಹಣ ಕೊಟ್ಟ ಮಾತ್ರಕ್ಕೆ ಅದರ ಒಡೆತನ ತಮಗೆ ಬಂತೆಂದು ಅನೇಕ ಉದ್ಯಮಿಗಳು ತಿಳಿದಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಕೃತಿಯ ಕರ್ತೃವೇ ಅದರ ಮೊದಲ ಒಡೆಯ. ನೌಕರನು ಉದ್ಯೋಗದ ಭಾಗವಾಗಿ ರಚಿಸಿದ್ದು ಮಾಲೀಕನದಾಗುತ್ತದೆ. ಆದರೆ ಸ್ವತಂತ್ರ ವಿನ್ಯಾಸಕಾರನಿಂದ ಹಕ್ಕು ಪಡೆಯಲು ಲಿಖಿತ ವರ್ಗಾವಣೆ ಅಗತ್ಯ. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾಯ್ದೆ ಪರಿಗಣಿಸುತ್ತದೆ. ರಫ್ತು ಮಾಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಪಾವತಿಯ ವಿಚಾರದಲ್ಲೂ ನಿಯಮಗಳು ಸ್ಪಷ್ಟವಾಗಿವೆ. ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ನೋಂದಣಿಯಾದ ವಿನ್ಯಾಸ ಸಂಸ್ಥೆಗೆ, 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯಂತೆ, ಒಪ್ಪಂದವಿದ್ದರೂ ಗರಿಷ್ಠ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತಗಲುತ್ತದೆ. 2023ರ ಹಣಕಾಸು ಕಾಯ್ದೆ ತಂದ ತಿದ್ದುಪಡಿಯಂತೆ, ಗಡುವು ಮೀರಿದ ಇಂತಹ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದು.

ಒಪ್ಪಂದದಲ್ಲಿ ಇರಬೇಕಾದ ಅಂಶಗಳು

1. ಕೆಲಸದ ವ್ಯಾಪ್ತಿ, ಕರಡುಗಳ ಸಂಖ್ಯೆ ಹಾಗೂ ಶುಲ್ಕದಲ್ಲಿ ಅಡಕವಾದ ತಿದ್ದುಪಡಿಗಳ ಮಿತಿ. ಮಿತಿ ಮೀರಿದರೆ ಹೆಚ್ಚುವರಿ ದರ.
2. ಮುಂಗಡ, ಕರಡು ಒಪ್ಪಿಗೆ ಹಾಗೂ ಅಂತಿಮ ಹಸ್ತಾಂತರದ ಹಂತಗಳಲ್ಲಿ ಪಾವತಿ.
3. ಒಪ್ಪಿಗೆ ನೀಡುವ ಅಧಿಕಾರವುಳ್ಳ ಒಬ್ಬ ವ್ಯಕ್ತಿಯ ಹೆಸರು. ಹಲವರ ಪರಸ್ಪರ ವಿರುದ್ಧ ಸೂಚನೆಗಳೇ ವಿಳಂಬಕ್ಕೆ ಮೂಲ.
4. ಹಕ್ಕುಗಳ ವರ್ಗಾವಣೆ, ಅವಧಿ, ಪ್ರದೇಶ ಹಾಗೂ ಮೂಲ ಕಡತಗಳ ಹಸ್ತಾಂತರ.
5. ಬಳಸಿದ ಚಿತ್ರ ಮತ್ತು ಅಕ್ಷರಶೈಲಿಗಳಿಗೆ ಪರವಾನಗಿ ಇದೆಯೆಂಬ ದೃಢೀಕರಣ.
6. ಕೆಲಸ ನಡುವೆ ನಿಂತರೆ ಅಲ್ಲಿಯವರೆಗಿನ ಶ್ರಮಕ್ಕೆ ಸಲ್ಲಬೇಕಾದ ಮೊತ್ತ.

ಆಯ್ಕೆಗೂ ಮುನ್ನ ಹಲವರಿಂದ ಉಚಿತ ಮಾದರಿಗಳನ್ನು ಕೇಳುವ ಪದ್ಧತಿಯನ್ನು ಕೈಬಿಡುವುದು ಲೇಸು. ಹಿಂದಿನ ಕೆಲಸಗಳನ್ನು ಪರಿಶೀಲಿಸಿ ಒಬ್ಬರನ್ನು ಆರಿಸುವುದು ಅಥವಾ ಮಾದರಿಗೂ ಸಣ್ಣ ಶುಲ್ಕ ನೀಡುವುದು ಉಭಯತರಿಗೂ ಹಿತಕರ.

1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು. ಅದರ ಶಾಖೆ ಬೆಂಗಳೂರಿನಲ್ಲಿಯೂ ಇದೆ. 2007ರಲ್ಲಿ ರಾಷ್ಟ್ರೀಯ ವಿನ್ಯಾಸ ನೀತಿಗೆ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. 2022ರಲ್ಲಿ ಆರಂಭವಾದ ಎಂ.ಎಸ್.ಎಂ.ಇ. ಇನೋವೇಟಿವ್ ಯೋಜನೆಯಲ್ಲಿ ವಿನ್ಯಾಸಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಸರ್ಕಾರವು ವಿನ್ಯಾಸವನ್ನು ಉದ್ಯಮದ ಅಂಗವೆಂದು ಪರಿಗಣಿಸಿರುವಾಗ, ಉದ್ಯಮಿಗಳು ತಮ್ಮ ವಾರ್ಷಿಕ ಮುಂಗಡಪತ್ರದಲ್ಲಿ ಅದಕ್ಕೊಂದು ಪ್ರತ್ಯೇಕ ಬಾಬನ್ನು ತೆರೆಯುವುದು ಸೂಕ್ತ. ವರ್ಷದ ಆರಂಭದಲ್ಲೇ ಹಣ ಮೀಸಲಿಟ್ಟವನಿಗೆ ಕೊನೆಯ ಗಳಿಗೆಯಲ್ಲಿ ಅಗ್ಗದ ಕೈಯನ್ನು ಹುಡುಕುವ ಪ್ರಮೇಯ ಒದಗುವುದಿಲ್ಲ.