ಕಾಫಿಯ ರುಚಿಯಲ್ಲಿ ಹುದುಗುವಿಕೆಯ ಪಾತ್ರ

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಭಾಗದ ಹೊಲಗಳು ಜೋಳ, ತೊಗರಿಗೆ ಹೆಸರಾದವು. ಕಾಫಿ ನಮ್ಮ ಬೆಳೆಯಲ್ಲ. ಆದರೂ ಕಾಫಿಯ ರುಚಿಯನ್ನು ರೂಪಿಸುವ ಒಂದು ಕ್ರಿಯೆ ನಮ್ಮ ಅಡುಗೆಮನೆಗಳಲ್ಲಿಯೂ ನಡೆಯುತ್ತದೆ. ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗುತ್ತದೆ. ವಿಜ್ಞಾನ ಪಾಠದಲ್ಲಿ ಮಕ್ಕಳು ಓದುವ ‘ಹುದುಗುವಿಕೆ’ ಇದೇ.

ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳ ತೋಟಗಳಲ್ಲಿ ಮಾಗಿದ ಕಾಫಿ ಹಣ್ಣಿನ ಸಿಪ್ಪೆಯನ್ನು ಯಂತ್ರದಿಂದ ಸುಲಿದ ಮೇಲೂ ಬೀಜಕ್ಕೆ ಸಿಹಿ ಲೋಳೆ ಅಂಟಿಕೊಂಡಿರುತ್ತದೆ. ತೊಟ್ಟಿಯಲ್ಲಿಟ್ಟಾಗ ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯನ್ನು ಬಳಸಿಕೊಂಡು ಆಮ್ಲಗಳನ್ನೂ ಪರಿಮಳದ ಸಂಯುಕ್ತಗಳನ್ನೂ ಉಂಟುಮಾಡುತ್ತವೆ. ಕಿಣ್ವಗಳಿಂದ ಲೋಳೆ ಸಡಿಲಗೊಳ್ಳುತ್ತದೆ. ಹಿಂದೆ ಲೋಳೆಯನ್ನು ಕಳೆಯುವುದೇ ಮುಖ್ಯ ಉದ್ದೇಶವಾಗಿತ್ತು. ಇಂದು ವಿಶೇಷ ಕಾಫಿ ತಯಾರಿಸುವವರು ರುಚಿಗಾಗಿಯೇ ಹುದುಗಿಸುತ್ತಾರೆ.

ಗಾಳಿಯಾಡದಂತೆ ಮುಚ್ಚಿದ ಪೀಪಾಯಿಗಳಲ್ಲಿ ಆಮ್ಲಜನಕವಿಲ್ಲದೆ ಬದುಕಬಲ್ಲ ಜೀವಿಗಳು ಮೇಲುಗೈ ಪಡೆಯುತ್ತವೆ. ಕಾಫಿಗೆ ಹಣ್ಣಿನ ಪರಿಮಳ ಬರುತ್ತದೆ. ಕೆಲವರು ಆಯ್ದ ಯೀಸ್ಟನ್ನೇ ಸೇರಿಸುತ್ತಾರೆ. ದ್ರಾಕ್ಷಾರಸ ತಯಾರಿಕೆಯಿಂದ ಬಂದ ಇಂಥದೊಂದು ವಿಧಾನದ ಕಾಫಿಯಿಂದಲೇ ಆಸ್ಟ್ರೇಲಿಯಾದ ಸಾಶಾ ಸೆಸ್ಟಿಕ್ 2015ರ ವಿಶ್ವ ಬರಿಸ್ಟಾ ಸ್ಪರ್ಧೆಯನ್ನು ಗೆದ್ದರು.

ಆದರೆ ಹೊತ್ತು ಮೀರಿದರೆ ಕೊಳೆತ ಹುಳಿವಾಸನೆ ಬೀಜಕ್ಕೆ ಹತ್ತುತ್ತದೆ. ತೊಳೆದರೂ ಹುರಿದರೂ ಅದು ಹೋಗದು. ಬೆಳೆಗಾರನ ವರ್ಷದ ದುಡಿಮೆ ಕೆಲವೇ ಗಂಟೆಗಳಲ್ಲಿ ಬೆಲೆ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಉಷ್ಣತೆ, ಆಮ್ಲೀಯತೆ, ಕಾಲ ಇವನ್ನು ಅಳೆದು ಬರೆದಿಡುವುದು ಅನಿವಾರ್ಯ.

ಮಕ್ಕಳು ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ದೋಸೆಹಿಟ್ಟನ್ನು ಎರಡು ಪಾತ್ರೆಗಳಿಗೆ ಹಾಕಿ, ಒಂದನ್ನು ಬೆಚ್ಚಗಿನ ಜಾಗದಲ್ಲೂ ಇನ್ನೊಂದನ್ನು ತಂಪಿನಲ್ಲೂ ಇಡಲಿ. ಗಂಟೆಗೊಮ್ಮೆ ಕಂಡ ಬದಲಾವಣೆಯನ್ನು ಕನ್ನಡದಲ್ಲಿಯೇ ಬರೆದಿಡಲಿ.