ಸೈಕಲ್ಲಿನ ಹಿಂದಿನ ಗಾಲಿಯ ಅಚ್ಚು ಮುರಿದಾಗ

ಪುಣೆಗೆ ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಿತ್ತು. ಈಗ ಸ್ಕೂಟರು, ಮೋಟಾರುಗಳ ಮುಂದೆ ಸೈಕಲ್ಲು ಹಿಂದೆ ಸರಿದಿದೆ. ಆದರೂ ಇಲ್ಲಿ ನೆಲೆಸಿದ ನಮ್ಮವರ ಕೆಲವು ಮನೆಗಳಲ್ಲಿ, ಹಿರಿಯರು ಊರಿನಿಂದ ರೈಲಿಗೆ ಹಾಕಿಸಿ ತಂದ ಗಟ್ಟಿಮುಟ್ಟಾದ ಕರಿ ಸೈಕಲ್ಲು ಇನ್ನೂ ಓಡುತ್ತಿದೆ. ಅದರ ಹಿಂದಿನ ಹಬ್‌ನಲ್ಲಿ ಏನಾದರೂ ಮುರಿದರೆ, "ಹಳೆಯದಾಯಿತು, ಗಾಲಿಯನ್ನೇ ಬದಲಿಸಿ" ಎಂಬ ಸಲಹೆ ಅಂಗಡಿಯಲ್ಲಿ ಸುಲಭವಾಗಿ ದೊರೆಯುತ್ತದೆ. ಎಲ್ಲ ಸಲವೂ ಅದು ಅವಶ್ಯವಲ್ಲವೆಂಬುದನ್ನು ವಾಚಕರ ಗಮನಕ್ಕೆ ತರಬಯಸುತ್ತೇವೆ.

ಎತ್ತಿನ ಗಾಡಿಯ ಗಾಲಿಗೆ ಗುಂಬ ಹೇಗೋ, ಸೈಕಲ್ಲಿನ ಗಾಲಿಗೆ ಹಬ್ ಹಾಗೆ. ಅದರ ನಡುವೆ ಹಾಯ್ದುಹೋಗುವ ಉಕ್ಕಿನ ಸಲಾಕೆಯೇ ಅಚ್ಚು. ಅಂಗಡಿಯವರ ಮಾತಿನಲ್ಲಿ ಆಕ್ಸಲ್. ಅಚ್ಚಿನ ಎರಡು ಬದಿಗೂ ಒಂದೊಂದು ಕೋನ್ ಇರುತ್ತದೆ. ಕೋನಿಗೂ ಹಬ್‌ನ ಬಟ್ಟಲಿಗೂ ನಡುವೆ ಉಕ್ಕಿನ ಗುಂಡುಗಳು ಉರುಳುತ್ತವೆ. ಪುಣೆಯಲ್ಲಿ ಇವುಗಳನ್ನು ಛರ್ರೆ ಎನ್ನುತ್ತಾರೆ. ಸಾಮಾನ್ಯವಾಗಿ ಹಿಂದಿನ ಹಬ್‌ನ ಒಂದೊಂದು ಬದಿಗೆ ಕಾಲು ಅಂಗುಲದ 9 ಗುಂಡುಗಳಿರುತ್ತವೆ.

ಬಲಗಡೆಯಲ್ಲಿ ಫ್ರೀವೀಲ್ ಇರುವುದರಿಂದ ಆ ಬದಿಯ ಕೋನು ಒಳಗೆ ಸರಿದಿರುತ್ತದೆ. ಅಲ್ಲಿಂದ ಚೌಕಟ್ಟಿನವರೆಗೆ ಅಚ್ಚಿಗೆ ಬೇರೆ ಆಸರೆಯಿಲ್ಲ. ಸವಾರನ ಭಾರ, ಕ್ಯಾರಿಯರಿನ ಹೊರೆ, ಚೈನಿನ ಎಳೆತ ಎಲ್ಲವೂ ಅಲ್ಲಿ ಬೀಳುತ್ತವೆ. ಮೊದಲು ಅಚ್ಚು ಕೊಂಚ ಬಾಗುತ್ತದೆ. ತಿರುಪಿನ ಸುತ್ತಿನ ತಳದಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟುತ್ತದೆ. ಒಂದು ದಿನ ಎರಡು ತುಂಡಾಗುತ್ತದೆ.

ವಿಚಿತ್ರವೆಂದರೆ, ಎರಡು ತುದಿಗಳನ್ನೂ ನಟ್ಟುಗಳು ಬಿಗಿ ಹಿಡಿದಿರುವುದರಿಂದ ಗಾಲಿ ಕೂಡಲೇ ಕಳಚಿ ಬೀಳುವುದಿಲ್ಲ. ಮುರಿದ ಅಚ್ಚಿನ ಮೇಲೆಯೇ ಕೆಲವು ದಿನ ಓಡಾಡುವವರುಂಟು. ಇದು ಅಪಾಯಕರ. ಗಾಲಿ ಓರೆಯಾಗಿ ಚೌಕಟ್ಟಿಗೆ ಕಚ್ಚಿ ನಿಂತರೆ, ವಾಹನಗಳ ನಡುವೆ ಸವಾರನ ಪ್ರಾಣಕ್ಕೇ ಸಂಚಕಾರ. ಜೊತೆಗೆ, ಸಡಿಲಾದ ಗುಂಡುಗಳು ಹಬ್‌ನ ಬಟ್ಟಲನ್ನು ಕೊರೆಯುತ್ತವೆ. ಬಟ್ಟಲು ಕೆಟ್ಟರೆ ಹಬ್ ಹೋಯಿತು. ಹಳೆಯ ಮಾದರಿಯ ಹಿಂದಿನ ಗಾಲಿಗೆ 40 ಕಡ್ಡಿಗಳು. ಹಬ್ ಬದಲಿಸುವುದೆಂದರೆ ಅವಿಷ್ಟನ್ನೂ ಬಿಚ್ಚಿ, ಮತ್ತೆ ಹೆಣೆದು, ಓರೆ ತೆಗೆಯಬೇಕು.

ನಮ್ಮ ನೆರೆಯ ಧಾರವಾಡದವರ ಮಗ ಅಜ್ಜನ ಸೈಕಲ್ಲಿನಲ್ಲಿಯೇ ಕಾಲೇಜಿಗೆ ಹೋಗುವವನು. "ಕಾಕಾ, ಗಾಲಿ ಒಂದ ಕಡೆ ತಿಕ್ಕತೈತ್ರಿ. ಗಾಲಿನ ಬದಲ ಮಾಡ್ರಿ ಅಂತಾರ ಅಂಗಡ್ಯಾಗ," ಎಂದು ಒಂದು ಭಾನುವಾರ ನಮ್ಮಲ್ಲಿಗೆ ಬಂದ. ಕೋನನ್ನು ಎಷ್ಟು ಬಿಗಿದರೂ ಗಾಲಿಯ ಅಲುಗಾಟ ನಿಲ್ಲಲಿಲ್ಲ. ಅಚ್ಚು ಮುರಿದುದರ ಗುರುತು ಅದು. ಇಬ್ಬರೂ ಕೂಡಿ ಬಿಚ್ಚಿದೆವು. ಮುರಿದ ಮುಖದ ಅರ್ಧ ಭಾಗ ಕಪ್ಪಾಗಿತ್ತು, ಉಳಿದರ್ಧ ಹೊಳೆಯುತ್ತಿತ್ತು. ಕಪ್ಪು ಭಾಗ ಹಳೆಯ ಬಿರುಕು. ಹೊಳೆಯುವುದು ಹೊಸ ಮುರಿತ. ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ ಬಟ್ಟಲುಗಳು ನುಣ್ಣಗಿದ್ದವು. ಅಜ್ಜನ ಗಾಲಿ ಉಳಿಯಿತು.

ಹೊಸ ಅಚ್ಚು ತರುವಾಗ ಹಳೆಯ ತುಂಡುಗಳನ್ನೂ ಕೋನುಗಳನ್ನೂ ಅಂಗಡಿಗೆ ಒಯ್ಯತಕ್ಕದ್ದು. ತುಂಡುಗಳನ್ನು ಜೋಡಿಸಿ ಉದ್ದವನ್ನು ಅಳೆಯಬೇಕು. ಹಳೆಯ ಇಂಗ್ಲಿಷ್ ಅಳತೆಯ ಹಿಂದಿನ ಅಚ್ಚು 3/8 ಅಂಗುಲ ದಪ್ಪ, ಅಂಗುಲಕ್ಕೆ 26 ಸುತ್ತು. ಈ ಸುತ್ತಿಗೆ ಇಲ್ಲಿ ಆಟೆ ಎನ್ನುತ್ತಾರೆ. ಕೋನು ಹೊಸ ಅಚ್ಚಿನ ಮೇಲೆ ಬರಿಗೈಯಲ್ಲೇ ತಿರುಗಬೇಕು. ಪಾನಾ ಹಾಕಿ ಬಲವಂತ ಮಾಡಿದರೆ ಆಟೆ ಹಾಳು. ಅಚ್ಚನ್ನು ಗಾಜಿನ ಮೇಲೆ ಉರುಳಿಸಿದರೆ ಸೊಟ್ಟವಿದೆಯೋ ಇಲ್ಲವೋ ತಿಳಿಯುತ್ತದೆ. ಕೋನಿನಲ್ಲಿ ಕುಳಿಗಳು ಬಿದ್ದಿದ್ದರೆ ಅದನ್ನೂ ಬದಲಿಸಬೇಕು. ಗುಂಡುಗಳನ್ನಂತೂ ಪೂರ್ತಿ ಹೊಸದಾಗಿಯೇ ಹಾಕುವುದು ಲೇಸು. ಹಳೆಯದನ್ನೂ ಹೊಸದನ್ನೂ ಬೆರೆಸಬಾರದು. ಒಂಬತ್ತರ ನಡುವೆ ಜಾಗ ಕಂಡಿತೆಂದು ಹತ್ತನೆಯದನ್ನು ತುರುಕಲಾಗದು. ಆ ತೆರವು ಉರುಳುವುದಕ್ಕೆ ಬೇಕು.

ಬಟ್ಟಲಿಗೆ ಗ್ರೀಸು ತುಂಬಿ ಗುಂಡುಗಳನ್ನು ಕೂರಿಸಿ, ಬಲಗಡೆಯ ಕೋನನ್ನು ಭದ್ರಪಡಿಸಿ, ಎಡಗಡೆಯದನ್ನು ಬೆರಳಿನಿಂದ ಬಿಗಿದು ತುಸುವೇ ಹಿಂದಕ್ಕೆ ತಿರುಗಿಸಿ ಲಾಕ್‌ನಟ್ಟು ಹಾಕಬೇಕು. ಗಾಲಿಯನ್ನು ಸೈಕಲ್ಲಿಗೆ ಕೂರಿಸಿ ಎತ್ತಿ ಹಿಡಿದಾಗ, ವಾಲ್ವಿನ ಭಾರಕ್ಕೆ ಅದು ತಾನಾಗಿಯೇ ತಿರುಗಿ ನಿಲ್ಲಬೇಕು. ಅಲುಗಿಸಿದರೆ ಲಟಲಟ ಎನ್ನಬಾರದು.

ಮುರಿದುದೇಕೆಂದು ನೋಡದೆ ಬಿಟ್ಟರೆ ಹೊಸ ಅಚ್ಚಿಗೂ ಅದೇ ಗತಿ. ಅಚ್ಚು ಕೂರುವ ಚೌಕಟ್ಟಿನ ಎರಡು ತುದಿಗಳು ಒಂದಕ್ಕೊಂದು ನೇರವಾಗಿವೆಯೇ, ಕ್ಯಾರಿಯರಿನ ಮೇಲೆ ಅತಿಯಾದ ಹೊರೆ ಬೀಳುತ್ತಿದೆಯೇ ಎಂಬುದನ್ನು ವಿಚಾರಿಸಬೇಕು. ನೆರೆಯವರ ಹುಡುಗ ಈಗ ಅಕ್ಕಿಯ ಚೀಲವನ್ನು ಸೈಕಲ್ಲಿನ ಮೇಲೆ ತರುವುದನ್ನು ಬಿಟ್ಟಿದ್ದಾನೆ. ದುರಸ್ತಿಯಾದ ಎರಡು ದಿನಗಳ ನಂತರ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯುವುದನ್ನು ಮಾತ್ರ ಯಾರೂ ಮರೆಯಬಾರದು.