ಸಂಕ್ರಾಂತಿಯ ಎಳ್ಳು-ಬೆಲ್ಲ, ಸಕ್ಕರೆ ಅಚ್ಚು ಉಳಿದಿದೆಯೇ? ಕಮಟು ಹಿಡಿಯುವ ಮುನ್ನ ಹೀಗೆ ಬಳಸಿ

ಸಂಕ್ರಾಂತಿ ಮುಗಿದರೂ ಅಡುಗೆಮನೆಯ ಡಬ್ಬಿಗಳಲ್ಲಿ ಹಬ್ಬ ಮುಗಿದಿರುವುದಿಲ್ಲ. ಹತ್ತು ಮನೆಗೆ ಎಳ್ಳು ಬೀರಿದರೆ ಹತ್ತು ಮನೆಯ ಎಳ್ಳು ವಾಪಸ್ ಬರುತ್ತದೆ. ಊರಿನಿಂದ ಬಂದ ಸಕ್ಕರೆ ಅಚ್ಚು ಬೇರೆ. ಮುಂಬೈ, ಪುಣೆಯಲ್ಲಿದ್ದರೆ ಮರಾಠಿ ನೆರೆಯವರು ಕೊಟ್ಟ ತಿಳಗುಳವೂ ಸೇರಿಕೊಳ್ಳುತ್ತದೆ. ಎರಡು ದಿನ ಎಲ್ಲರೂ ಬಾಯಾಡಿಸುತ್ತಾರೆ, ಆಮೇಲೆ ಡಬ್ಬಿಯನ್ನು ಯಾರೂ ಮುಟ್ಟುವುದಿಲ್ಲ.

ಇದರಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಕೆಡುವುದಿಲ್ಲ. ಕೊಬ್ಬರಿ, ಶೇಂಗಾ, ಎಳ್ಳು ಮೂರರಲ್ಲೂ ಎಣ್ಣೆ ಅಂಶವಿದೆ. ಗಾಳಿ, ಬೆಳಕು ತಾಗಿದರೆ ಕಮಟು ವಾಸನೆ ಬರುತ್ತದೆ. ಬೆಲ್ಲ ತೇವ ಹೀರಿಕೊಂಡು ಅಂಟಾಗುತ್ತದೆ, ಅದರ ಜೊತೆಗಿರುವ ಹುರಿಗಡಲೆಯೂ ಮೆತ್ತಗಾಗುತ್ತದೆ. ಕರಾವಳಿಯ ಮುಂಬೈ, ಚೆನ್ನೈನಲ್ಲಿ ಇದು ಇನ್ನೂ ಬೇಗ. ಹಾಗಾಗಿ ಮಿಶ್ರಣವನ್ನು ಮೊದಲು ಖಾಲಿ ಮಾಡಿ. ಒಣಗಿದ ಜಾಗದಲ್ಲಿಟ್ಟ ಸಕ್ಕರೆ ಅಚ್ಚಿಗೆ ಯಾವ ಅವಸರವೂ ಇಲ್ಲ.

ಎಳ್ಳು, ಶೇಂಗಾ, ಕೊಬ್ಬರಿ, ಬೆಲ್ಲ ಎಂದಾಗ ನಿಮಗೆ ಇನ್ನೊಂದು ಅಡುಗೆ ನೆನಪಾಗಬೇಕು: ಪುಳಿಯೋಗರೆ. ಗೊಜ್ಜಿಗೆ ಬೇಕಾದ ಅರ್ಧ ಸಾಮಾನು ಈ ಡಬ್ಬಿಯಲ್ಲೇ ಇದೆ. ಜೀರಿಗೆ ಪೆಪ್ಪರ್‌ಮೆಂಟ್ ಇದ್ದರೆ ಆರಿಸಿ ತೆಗೆಯಿರಿ. ಉಳಿದದ್ದನ್ನು ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಮತ್ತೆ ಹುರಿಯಲು ಹೋಗಬೇಡಿ, ಬೆಲ್ಲ ಕರಗಿ ತಳ ಹಿಡಿಯುತ್ತದೆ. ದೊಡ್ಡ ನಿಂಬೆ ಗಾತ್ರದ ಹುಣಸೆಹಣ್ಣಿನ ರಸಕ್ಕೆ ಉಪ್ಪು, ಅರಿಶಿನ, ಸಾರಿನ ಪುಡಿ ಅಥವಾ ಪುಳಿಯೋಗರೆ ಪುಡಿ ಹಾಕಿ ಚೆನ್ನಾಗಿ ಕುದಿಸಿ. ಗಟ್ಟಿಯಾಗುತ್ತಾ ಬಂದಾಗ ಅರ್ಧ ಬಟ್ಟಲು ಎಳ್ಳು-ಬೆಲ್ಲದ ಪುಡಿ ಸೇರಿಸಿ, ಇಂಗು-ಕರಿಬೇವಿನ ಒಗ್ಗರಣೆ ಕೊಡಿ. ಬೇರೆ ಬೆಲ್ಲ ಹಾಕುವ ಮುನ್ನ ರುಚಿ ನೋಡಿ, ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹುರಿಗಡಲೆ ಇರುವುದರಿಂದ ಗೊಜ್ಜು ಸ್ವಲ್ಪ ಮಂದವಾಗುತ್ತದೆ, ಅನ್ನಕ್ಕೆ ಚೆನ್ನಾಗಿ ಹಿಡಿಯುತ್ತದೆ.

ಸಿಹಿಯೇ ಬೇಕೆಂದರೆ ತಂಬಿಟ್ಟು ಮಾಡಿ. ಇದೇ ಪುಡಿಗೆ ಹುರಿಗಡಲೆ ಹಿಟ್ಟು ಸೇರಿಸಿ, ಬೆಲ್ಲದ ಪಾಕ, ತುಪ್ಪ ಹಾಕಿ ಬಿಸಿಯಿದ್ದಾಗಲೇ ಉಂಡೆ ಕಟ್ಟಿದರಾಯಿತು. ಶಿವರಾತ್ರಿಗೆಂದು ಇಡುವುದಾದರೆ ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ವಾಸನೆ ಆಗಲೇ ಬದಲಾಗಿದ್ದರೆ ಮಾತ್ರ ಆಸೆ ಬಿಟ್ಟುಬಿಡಿ, ಕಮಟನ್ನು ಯಾವ ಏಲಕ್ಕಿಯೂ ಮುಚ್ಚುವುದಿಲ್ಲ.

ಸಕ್ಕರೆ ಅಚ್ಚು ಎಂದರೆ ಹೆಚ್ಚುಕಡಿಮೆ ಸಕ್ಕರೆಯೇ. ಪಾಕದ ಕೊಳೆ ತೆಗೆಯಲು ಸ್ವಲ್ಪ ಹಾಲು ಹಾಕಿ, ಅಚ್ಚಿಗೆ ಹೊಯ್ದು ಮಾಡಿದ್ದು. ಬಿಳಿಯದನ್ನು ಕುಟ್ಟಿ ಕಾಫಿ, ಪಾಯಸ, ನಿಂಬೆ ಪಾನಕಕ್ಕೆ ಬಳಸಿ. ಗುಲಾಬಿ, ಹಸಿರು ಬಣ್ಣದವು ಪಾಯಸದ ಬಣ್ಣ ಕೆಡಿಸುತ್ತವೆ, ಅವನ್ನು ಕೇಸರಿಬಾತಿಗೋ ಶರಬತ್ತಿಗೋ ಇಟ್ಟುಕೊಳ್ಳಿ.

ಕೊಡುವುದಿದ್ದರೆ ಈಗಲೇ ಕೊಡಿ. ಮಹಾರಾಷ್ಟ್ರದಲ್ಲಿ ತಿಳಗುಳ ಹಂಚುವುದು, ಹಳದಿ-ಕುಂಕುಮ ರಥಸಪ್ತಮಿಯವರೆಗೂ ನಡೆಯುತ್ತದೆ. ಹಾಗಾಗಿ ಅಲ್ಲಿರುವ ಕನ್ನಡಿಗರಿಗೆ ಹಬ್ಬ ಮುಗಿದ ಮೇಲೂ ಎಳ್ಳು ಬೀರಲು ಸಂಕೋಚವಿಲ್ಲ. ಪುಟ್ಟ ಮಕ್ಕಳಿಗೆ ಎಲಚಿ ಹಣ್ಣು ಎರೆಯುವ ಬೋರನ್ಹಾಣಕ್ಕೂ ಅಚ್ಚು, ಕುಸುರೆಳ್ಳು ಒದಗುತ್ತವೆ. ಆದರೆ ಐದು ವರ್ಷದೊಳಗಿನವರ ಕೈಗೆ ಇಡೀ ಶೇಂಗಾ ಸಿಗದಂತೆ ನೋಡಿಕೊಳ್ಳಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ದೆಹಲಿ, ಹೈದರಾಬಾದ್‌ನಲ್ಲಿ ಸಹೋದ್ಯೋಗಿಗಳಿಗೆ ಕೊಡುವಾಗ ಇದರಲ್ಲಿ ಶೇಂಗಾ, ಎಳ್ಳು ಇದೆ ಎಂದು ಹೇಳಿಬಿಡಿ. ಎರಡೂ ಕೆಲವರಿಗೆ ತೀವ್ರ ಅಲರ್ಜಿ ತರುತ್ತವೆ. ಮನೆಗೆಲಸದವರಿಗೆ, ವಾಚ್‌ಮನ್‌ಗೆ ಕೊಡುವುದಾದರೆ ನೀವು ತಿನ್ನುವಂತಿರುವಾಗಲೇ ಕೊಡಿ, ಮೆತ್ತಗಾದ ಮೇಲಲ್ಲ.

ಇನ್ನು ಉಳಿದದ್ದನ್ನೆಲ್ಲ ಬೀದಿಯ ಹಸುವಿನ ಮುಂದೆ ಸುರಿಯುವ ಅಭ್ಯಾಸ. ಸಂಕ್ರಾಂತಿ ದಿನ ಹಸುವಿಗೆ ಪೂಜೆ ಮಾಡುವ ನಾವು ಇದನ್ನು ಪುಣ್ಯದ ಕೆಲಸ ಎಂದುಕೊಳ್ಳುತ್ತೇವೆ. ಆದರೆ ಸಿಹಿ, ಕಾಳು ಒಮ್ಮೆಗೇ ಹೆಚ್ಚಾಗಿ ಹೊಟ್ಟೆಗೆ ಹೋದರೆ ಹಸುವಿನ ಮೊದಲ ಹೊಟ್ಟೆಯಲ್ಲಿ ಆಮ್ಲ ಏರುತ್ತದೆ. ಮೇವು ಬಿಡುತ್ತದೆ, ಜೋರಾದರೆ ಪ್ರಾಣಕ್ಕೇ ಸಂಚಕಾರ. ಪ್ಲಾಸ್ಟಿಕ್ ಚೀಲದ ಸಮೇತ ಎಸೆದರಂತೂ ಕೇಳುವುದೇ ಬೇಡ. ಒಂದು ಚೂರು ಬೆಲ್ಲ ಅಂಗೈಯಲ್ಲಿಟ್ಟು ತಿನ್ನಿಸಿ, ಸಾಕು. ಕೆಟ್ಟುಹೋದ ಎಳ್ಳು-ಬೆಲ್ಲ ಹಸಿಕಸದ ಡಬ್ಬಿಗೆ ಹೋಗಲಿ.